ಹಿಮ್ಮಡಿಯ ಚರಿತ್ರೆ

ಸುಶ್ರುತ ಸಂಹಿತೆಯ ನಿದಾನಸ್ಥಾನದ 13ನೆಯ ಅಧ್ಯಾಯಕ್ಕೆ ಕ್ಷುದ್ರರೋಗ ನಿದಾನ ಎಂದು ಹೆಸರು. ಕ್ಷುದ್ರ ಎಂದರೆ ಇಲ್ಲಿ ಚಿಕ್ಕದು ಎಂದಷ್ಟೇ ಅರ್ಥ. ಮೊಡವೆ, ತಲೆಹೊಟ್ಟು, ನರೆ ಮುಂತಾಗಿ 44 ಚಿಕ್ಕ ಕಾಯಿಲೆಗಳನ್ನು ಅಲ್ಲಿ ಸಾಲಾಗಿ ಹೇಳಿದ್ದಾರೆ. ಆ ಸಾಲಿನಲ್ಲಿ ಕಾಲಿಗೆ ಸಂಬಂಧಿಸಿದ ಹೆಸರುಗಳು ಬಂದಾಗ ನಾನು ಓದುವುದನ್ನು ನಿಲ್ಲಿಸಿ ನಮ್ಮ ಹಳೆಯ ಮನೆಯ ಹೆಂಗಸರ ಕಾಲುಗಳನ್ನು ಒಂದೊಂದಾಗಿ ನೆನೆದುಕೊಂಡೆ. ಪಾದದಾರೀ ಎಂದರೆ ನಮ್ಮ ಹಿಮ್ಮಡಿ ಒಡಕು. ಬಹಳ ನಡೆಯುವವರ ಕಾಲು ಒಣಗಿ ಅಂಗಾಲು ಸೀಳುತ್ತದೆ ಎಂದು ಕಾರಣವನ್ನೂ ಕೊಟ್ಟಿದ್ದಾರೆ. ಕದರ ಎಂದರೆ ಆಣಿ; ಕಲ್ಲು ಒತ್ತಿ, ಮುಳ್ಳು ಚುಚ್ಚಿ ಗಂಟಾಗುವುದು. ಕುನಖ ಎಂದರೆ ಪೆಟ್ಟು ಬಿದ್ದು ಕಪ್ಪಾಗಿ ಒರಟಾದ ಉಗುರು. ಚಿಪ್ಪ ಎಂಬುದು ಉಗುರಿನ ಮಾಂಸ ಉರಿದು ಕೀವಾಗುವ ರೋಗ, ನಾವು ಉಗುರುಸುತ್ತು ಎನ್ನುತ್ತೇವಲ್ಲ, ಅದರ ಹತ್ತಿರದ್ದು. ಇನ್ನು ಅಲಸ. ಹೆಸರು ಕೇಳಿದರೆ ಸೋಮಾರಿತನ ಎನ್ನಿಸುತ್ತದೆ, ಆದರೆ ಅದು ಕೆಟ್ಟ ಕೆಸರು ತಾಗಿ ಬೆರಳ ಸಂದಿಗಳು ಒದ್ದೆಯಾಗಿ, ತುರಿಸಿ, ಉರಿಯುವ ಕಾಯಿಲೆ. ಗದ್ದೆಯಲ್ಲಿ ದುಡಿದವರ ರೋಗಕ್ಕೆ ಅಲಸ ಎಂಬ ಹೆಸರು ಬಿದ್ದದ್ದು ನನಗೆ ವಿಚಿತ್ರವಾಗಿ ಕಂಡಿತು.

ಚಿಕಿತ್ಸಾಸ್ಥಾನದಲ್ಲಿ ಇವಕ್ಕೆ ಮದ್ದೂ ಇದೆ. ಆಣಿಯನ್ನು ಕಿತ್ತು ಕಾದ ಎಣ್ಣೆಯಿಂದ ಸುಡಬೇಕಂತೆ. ಅದನ್ನು ಯಾರೂ ಮನೆಯಲ್ಲಿ ಮಾಡಲು ಹೋಗದಿದ್ದರೆ ಒಳ್ಳೆಯದು. ಕೆಸರಿನ ತುರಿಕೆಗೆ ಹುಳಿಗಂಜಿಯಲ್ಲಿ ಕಾಲು ನೆನೆಸಿ ಬೇವು ಮೊದಲಾದವುಗಳ ಲೇಪ. ಒಡೆದ ಹಿಮ್ಮಡಿಗೆ ಜೇನುಮೇಣ, ತುಪ್ಪ, ರಾಳದ ಪುಡಿ, ಕೊಬ್ಬು, ಕಾವಿಮಣ್ಣು ಕೂಡಿದ ಲೇಪ. ಕೊಬ್ಬು, ಕಾವಿಮಣ್ಣುಗಳನ್ನು ಬಿಟ್ಟರೆ ನಮ್ಮ ಅಜ್ಜಿ ಮಾಡುತ್ತಿದ್ದ ಮುಲಾಮೂ ಇದೇ. ಚಿಕ್ಕ ಹಿತ್ತಾಳೆ ಸೌಟಿನಲ್ಲಿ ಜೇನುಮೇಣ ಕರಗಿಸಿ, ಕೊಬ್ಬರಿ ಎಣ್ಣೆ ಬೆರೆಸಿ, ರಾಳದ ಪುಡಿ ಉದುರಿಸಿ, ಬೆಚ್ಚಗಿರುವಾಗಲೇ ಬಿರುಕಿನೊಳಕ್ಕೆ ಬಿಡುತ್ತಿದ್ದಳು. ಅಕ್ಷರ ಬಾರದ ಅವಳಿಗೆ ಸುಶ್ರುತ ಯಾರೆಂದು ಗೊತ್ತಿರಲಿಲ್ಲ. ಪುಸ್ತಕದಿಂದ ಅಡುಗೆಮನೆಗೆ ಮದ್ದು ಬಂತೋ, ಅಡುಗೆಮನೆಯಿಂದ ಪುಸ್ತಕಕ್ಕೆ ಹೋಯಿತೋ ಎಂದು ಕೇಳಿದರೆ ನಾನು ಎರಡನೆಯದರ ಕಡೆಗೇ ವಾಲುತ್ತೇನೆ. ಬಿರುಕಿಗೆ ಬೇಕಾದದ್ದು ಜಿಡ್ಡು ಮತ್ತು ಆ ಜಿಡ್ಡು ಜಾರಿಹೋಗದಂತೆ ಹಿಡಿದಿಡುವ ಮೇಣ. ಇಂದು ಅಂಗಡಿಯಲ್ಲಿ ಸಿಗುವ ಹಿಮ್ಮಡಿ ಕ್ರೀಮುಗಳ ತಂತ್ರವೂ ಬಹುಪಾಲು ಅಷ್ಟೆ.

ಚರಕ ಸಂಹಿತೆ ಕಾಲಿಗೆ ಎಣ್ಣೆ ತಿಕ್ಕುವುದನ್ನು ದಿನಚರಿಯಲ್ಲೇ ಸೇರಿಸಿದೆ. ಒರಟುತನ, ಮರಗಟ್ಟುವಿಕೆ, ಆಯಾಸ ಹೋಗುತ್ತದೆ, ಅಂಗಾಲು ಒಡೆಯುವುದಿಲ್ಲ ಎಂದಿದೆ. ವಾಗ್ಭಟನೂ ಅಭ್ಯಂಗದಲ್ಲಿ ತಲೆ, ಕಿವಿ, ಪಾದ ಈ ಮೂರನ್ನು ವಿಶೇಷವಾಗಿ ನೋಡಿಕೊಳ್ಳಬೇಕೆಂದು ಹೇಳುತ್ತಾನೆ. ಕೂದಲು, ಗಡ್ಡ, ಉಗುರುಗಳನ್ನು ಪಕ್ಷಕ್ಕೆ ಮೂರು ಸಲ ಕತ್ತರಿಸಬೇಕೆಂದು ಚರಕದಲ್ಲಿದೆ. ಹದಿನೈದು ದಿನಕ್ಕೆ ಮೂರು ಸಲ! ಕಾಲಿನ ಉಗುರು ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರು ಬೆಳೆಯುತ್ತದೆ. ಪೂರ್ತಿ ಕಳಚಿಹೋದ ಹೆಬ್ಬೆರಳಿನ ಉಗುರು ಮತ್ತೆ ಮುಂಚಿನಂತಾಗಲು ಒಂದರಿಂದ ಒಂದೂವರೆ ವರ್ಷ ಬೇಕು. ಆ ನಿಯಮ ಕಾಲಿನ ಉಗುರಿಗಿಂತ ಗಡ್ಡವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಿರಬೇಕು. ಯಾರಿಗೆ ಬರೆದದ್ದು ಎಂಬುದನ್ನೂ ಕೇಳಬೇಕು. ದಿನವೂ ಎಣ್ಣೆ ತಿಕ್ಕಿಸಿಕೊಳ್ಳುವವರ ಕಾಲು ಒಂದು, ತಿಕ್ಕುವವರ ಕಾಲು ಇನ್ನೊಂದು.

ಕಾಲನ್ನು ಉಜ್ಜಿಕೊಳ್ಳುವ ಸಾಧನವಂತೂ ಬಹು ಹಳೆಯದು. ತಕ್ಷಶಿಲೆಯ ಅಗೆತದಲ್ಲಿ ಜಾನ್ ಮಾರ್ಷಲ್ ಅವರಿಗೆ ಮೈ ತಿಕ್ಕುವ ಸುಟ್ಟ ಮಣ್ಣಿನ ಬಿಲ್ಲೆಗಳು ಸಿಕ್ಕಿದ್ದವು. ನಮ್ಮ ಬಚ್ಚಲಿನಲ್ಲಿ ಅದರ ಸ್ಥಾನದಲ್ಲಿ ಒಂದು ಒರಟು ಕಲ್ಲು ಇತ್ತು. ಒಗೆಯುವ ಕಲ್ಲಿನ ಪಕ್ಕದಲ್ಲಿ ಅಂಗೈಯಗಲದ ಕಲ್ಲು. ಅಂಚುಗಳು ಸವೆದು ನುಣ್ಣಗಾಗಿ, ನಡುವೆ ಮಾತ್ರ ಒರಟು ಉಳಿದಿತ್ತು. ನೀರು ಕಾಯಿಸುವ ಹಂಡೆಯಿಂದ ಒಂದು ಚೆಂಬು ಬಿಸಿನೀರು ಹೊಯ್ದುಕೊಂಡು, ಹಿಮ್ಮಡಿ ಮೆತ್ತಗಾದ ಮೇಲೆ ತಿಕ್ಕುವುದು. ಒಣ ಕಾಲನ್ನು ತಿಕ್ಕಬಾರದು, ರಕ್ತ ಬರುವಷ್ಟು ತಿಕ್ಕಬಾರದು ಎಂಬುದನ್ನು ಅಲ್ಲೇ ಕಲಿತೆವು.

ನಮ್ಮ ನಾಡಿನಲ್ಲಿ ಬಹುಕಾಲ ಬಹುಪಾಲು ಜನ ಬರಿಗಾಲಿನವರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಈ ದೇಶದಲ್ಲಿ ಹೆಚ್ಚುಕಡಿಮೆ ಎಲ್ಲರೂ ಬರಿಗಾಲಿನಲ್ಲಿ ನಡೆಯುತ್ತಾರೆ ಎಂದು ಬರೆದಿದ್ದಾನೆ. ಪಾದರಕ್ಷೆ ಇದ್ದವರದ್ದು ಚೂಪು ಮೂತಿಯ ಜೋಡು. ಇನ್ನು ಕೆಲವಕ್ಕೆ ಬರಿಯ ಅಟ್ಟೆ, ಮೇಲೆ ಬಾರು, ಹಳೆಯ ರೋಮನ್ನರು ಮೆಟ್ಟುತ್ತಿದ್ದಂಥವು. ಹಂಪಿಯ ಬಜಾರಿನಲ್ಲಿ ವಜ್ರ ವೈಡೂರ್ಯ ಮಾರುತ್ತಿದ್ದರು ಎಂಬುದನ್ನು ನಾವು ಮಕ್ಕಳಿಗೆ ಪ್ರತಿವರ್ಷ ಬಾಯಿಪಾಠ ಮಾಡಿಸುತ್ತೇವೆ. ಅದೇ ಬಜಾರಿನಲ್ಲಿ ಓಡಾಡುತ್ತಿದ್ದ ಕಾಲುಗಳು ಬರಿಗಾಲು ಎಂಬುದನ್ನು ಪಾಠ ಹೇಳುವುದಿಲ್ಲ.

ಬರಿಗಾಲು ಎಲ್ಲ ಕಡೆ ಬಡತನದಿಂದಲೇ ಬಂದದ್ದಲ್ಲ. ಮೆಟ್ಟು ಹೊಲಿಯುವವರೇ ಮೇಲಿನ ಕೇರಿಯಲ್ಲಿ ಮೆಟ್ಟು ಹಾಕಿ ನಡೆಯುವಂತಿರಲಿಲ್ಲ. ಕೈಯಲ್ಲಿ ಹಿಡಿದುಕೊಂಡು ದಾಟಬೇಕಾಗಿತ್ತು. ಇದು ಪುರಾತನ ಕಾಲದ ಕಥೆಯೂ ಅಲ್ಲ, ನಮ್ಮ ಹಿರಿಯರು ಕಣ್ಣಾರೆ ಕಂಡ ಸಂಗತಿ. ಹನ್ನೆರಡನೆಯ ಶತಮಾನದ ಕಲ್ಯಾಣದ ಹರಳಯ್ಯನ ಕಥೆಯನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕು. ತನ್ನ ಶರಣಿಗೆ ಬಸವಣ್ಣ ‘ಶರಣು ಶರಣಾರ್ಥಿ’ ಎಂದು ಎರಡು ಪಟ್ಟು ಮಾಡಿ ಹೇಳಿದ್ದರ ಋಣ ತೀರಿಸಲು ಗಂಡ ಹೆಂಡತಿ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿದರಂತೆ. ಬಸವಣ್ಣ ಅವನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡನಂತೆ. ಕಥೆ ನಡೆಯಿತೋ ಇಲ್ಲವೋ, ಪಾದರಕ್ಷೆಯಲ್ಲಿ ಎಷ್ಟು ಮಾನ ಅವಮಾನ ತುಂಬಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಬರಿಗಾಲಿನ ಊರಿನಲ್ಲಿ ಮುಳ್ಳು ಕೀಳುವುದು ಒಂದು ವಿದ್ಯೆ. ಕಾಲಿಗೆ ದರ್ಭೆ ಚುಚ್ಚಿತೆಂದು ನೆಪ ಮಾಡಿ ಶಕುಂತಲೆ ದುಷ್ಯಂತನ ಕಡೆ ತಿರುಗಿ ನೋಡಿದ್ದು ಕಾಳಿದಾಸನ ನಾಟಕದಲ್ಲಿದೆ. ರವಿವರ್ಮನ ಚಿತ್ರದಿಂದಾಗಿ ಅದು ಎಷ್ಟೋ ಮನೆಗಳ ಗೋಡೆಗೂ ಬಂತು. ಖಜುರಾಹೋದ ಶಿಲ್ಪಗಳಲ್ಲೂ ಕಾಲೆತ್ತಿ ನಿಂತು ಮುಳ್ಳು ತೆಗೆಸಿಕೊಳ್ಳುವ ಹೆಣ್ಣು ಇದ್ದಾಳೆ. ಕವಿಗಳಿಗೂ ಶಿಲ್ಪಿಗಳಿಗೂ ಮುಳ್ಳು ಶೃಂಗಾರದ ಸಂಗತಿ. ನಮ್ಮೂರಿನಲ್ಲಿ ಮುಳ್ಳು ಚುಚ್ಚಿದವಳು ತಾನೇ ಜಗಲಿಯ ಮೇಲೆ ಕೂತು, ಕರಿಮಣಿ ಸರದಲ್ಲಿ ಸಿಕ್ಕಿಸಿಕೊಂಡ ಪಿನ್ನಿನಿಂದ ಬಿಡಿಸಿ ತೆಗೆದು, ಎದ್ದು ಕೆಲಸಕ್ಕೆ ಹೋಗುತ್ತಿದ್ದಳು. ಪಿನ್ನನ್ನು ದೀಪದ ಕುಡಿಗೆ ಹಿಡಿದು ಕಾಯಿಸುವವರೂ ಇದ್ದರು, ಸೀರೆಯ ಸೆರಗಿಗೆ ಒರೆಸುವವರೂ ಇದ್ದರು. ಧನುರ್ವಾಯುವಿನ ಚುಚ್ಚುಮದ್ದು ಹಳ್ಳಿಗಳನ್ನು ಮುಟ್ಟುವ ಮೊದಲು ಈ ಎರಡರ ನಡುವಿನ ಅಂತರ ಚಿಕ್ಕದಾಗಿರಲಿಲ್ಲ.

ಮಲೆನಾಡಿನವಳಾದ ನನಗೆ ಕಾಲಿನ ಚರಿತ್ರೆ ಎಂದರೆ ಮುಖ್ಯವಾಗಿ ಆಷಾಢದ ಚರಿತ್ರೆ. ಅಗೆ ಕಿತ್ತು ನಾಟಿ ಮಾಡುವ ದಿನಗಳಲ್ಲಿ ಹೆಂಗಸರ ತಲೆಯ ಮೇಲೆ ಗೊರಬು ಇರುತ್ತಿತ್ತು. ಎಲೆ, ಬಿದಿರುಗಳಲ್ಲಿ ಹೆಣೆದ ಗೊರಬು ತಲೆಯಿಂದ ಸೊಂಟದ ಕೆಳಗಿನವರೆಗೂ ಮಳೆ ತಡೆಯುತ್ತಿತ್ತು. ಕಾಲಿಗೆ ಏನೂ ಇರಲಿಲ್ಲ. ಬೆಳಗ್ಗೆ ಏಳಕ್ಕೆ ಕೆಸರಿಗಿಳಿದ ಕಾಲು ಸಂಜೆ ಆರಕ್ಕೆ ಮೇಲೆ ಬರುತ್ತಿತ್ತು. ಬೆರಳ ಸಂದಿಗಳು ಬೆಳ್ಳಗೆ ಬೆಂದು, ಸಿಪ್ಪೆ ಎದ್ದು, ಕೆಂಪಗೆ ಸೀಳಿರುತ್ತಿದ್ದವು. ಅದೇ ಕೆಸರುಹುಣ್ಣು. ರಾತ್ರಿ ಒಲೆಯ ಮುಂದೆ ಸಾಲಾಗಿ ಕೂತು ಕಾಲು ಚಾಚಿ ಕಾಯಿಸಿಕೊಳ್ಳುವಾಗ ಉರಿ ತಡೆಯಲಾರದೆ ಹಲ್ಲು ಕಚ್ಚುತ್ತಿದ್ದರು.

ಇದಕ್ಕೆ ಗೋರಂಟಿ ಸೊಪ್ಪು ಅರೆದು ಬೆರಳ ಸಂದಿಗೆ ಮೆತ್ತುವುದು ನಡೆದುಬಂದ ರೂಢಿ. ಆಷಾಢದಲ್ಲಿ ಹೆಣ್ಣುಮಕ್ಕಳು ಗೋರಂಟಿ ಹಚ್ಚಿಕೊಳ್ಳಬೇಕು, ತವರಿಗೆ ಬಂದ ಹೊಸ ಮದುವಣಗಿತ್ತಿಯಂತೂ ಹಚ್ಚಿಕೊಳ್ಳಲೇಬೇಕು ಎಂಬ ಪದ್ಧತಿ ನಮ್ಮಲ್ಲಿದೆ. ಅಲಂಕಾರವೆಂದೇ ನಾವೆಲ್ಲ ತಿಳಿದಿದ್ದೆವು. ಆದರೆ ನೋಡಿ: ಗೋರಂಟಿಯ ತಿಂಗಳೂ ಕೆಸರಿನ ತಿಂಗಳೂ ಒಂದೇ. ಅಂಗೈಗೆ ಚುಕ್ಕಿ ಇಟ್ಟು ಉಳಿದದ್ದನ್ನೆಲ್ಲ ಕಾಲಿನ ಉಗುರು, ಬೆರಳ ಸಂದಿ, ಪಾದದ ಅಂಚಿಗೆ ದಪ್ಪವಾಗಿ ಮೆತ್ತಿ, ಅಡಕೆ ಹಾಳೆಯ ಚೂರು ಕಟ್ಟಿ ಮಲಗಿಸುತ್ತಿದ್ದರು. ಗೋರಂಟಿಯಲ್ಲಿ ಬಣ್ಣ ಕೊಡುವ ಲಾಸೋನ್ ಎಂಬ ವಸ್ತುವಿಗೆ ಶಿಲೀಂಧ್ರವನ್ನು ತಡೆಯುವ ಗುಣವಿದೆ ಎಂಬುದು ಪ್ರಯೋಗಾಲಯಗಳಲ್ಲಿ ಕಂಡುಬಂದಿರುವ ಸಂಗತಿ. ಪದ್ಧತಿ ಹುಟ್ಟಿದ್ದೇ ಇದಕ್ಕಾಗಿ ಎಂದು ನಾನು ಸಾಧಿಸಲು ಹೊರಟಿಲ್ಲ. ಕೆಂಪು ಎಲ್ಲರಿಗೂ ಇಷ್ಟ. ಹಳಗನ್ನಡ ಕಾವ್ಯದ ಹೆಂಗಸರು ಪಾದಕ್ಕೆ ಅಲತಗೆ, ಅಂದರೆ ಅರಗಿನ ರಸ ಹಚ್ಚಿಕೊಳ್ಳುತ್ತಿದ್ದದ್ದೂ ಚಂದಕ್ಕೇ. ಆದರೂ ಗದ್ದೆಗಿಳಿಯುವ ಹೆಂಗಸಿಗೆ ಗೋರಂಟಿಯಿಂದ ಚಂದದ ಜೊತೆಗೆ ಇನ್ನೊಂದು ಲಾಭವೂ ಇತ್ತು ಎಂಬುದು ಅವಳಿಗೆ ಗೊತ್ತಿತ್ತು.

ಘಟ್ಟದ ಕೆಳಗಿನವರು ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುತ್ತಿದ್ದರು. ಕಪ್ಪಗೆ, ಮಂದವಾದ ಎಣ್ಣೆ; ಒಡೆದ ಹಿಮ್ಮಡಿಗೆ ಹಚ್ಚಿದರೆ ಚರ್ಮ ಗಟ್ಟಿಯಾಗಿ ನೀರು ಒಳಗೆ ಹೋಗುವುದಿಲ್ಲ ಎಂದು. ಆದರೆ ಅದು ಸುಡುವ ಎಣ್ಣೆ. ಎಳೆಯ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ಹಳೆಯದೆಲ್ಲ ಒಳ್ಳೆಯದು ಎನ್ನುವವರಿಗೆ ನಾನು ಈ ಎಣ್ಣೆಯ ಹೆಸರು ಹೇಳುತ್ತೇನೆ.

ಇದೇ ಆಷಾಢದ ಅಮಾವಾಸ್ಯೆಯಂದು ಭೀಮನ ಅಮಾವಾಸ್ಯೆ. ಗಂಡನ ಪಾದ ತೊಳೆದು, ಅರಿಸಿನ ಕುಂಕುಮ ಹಚ್ಚಿ, ಹೂವಿಟ್ಟು ಪೂಜೆ ಮಾಡುವ ದಿನ. ಕೆಸರುಹುಣ್ಣಿನ ಕಾಲಿನವಳು ಮಣೆಯ ಮುಂದೆ ಕೂತು ಇನ್ನೊಬ್ಬರ ಪಾದ ತೊಳೆಯುವ ಆ ದೃಶ್ಯದ ಬಗ್ಗೆ ಒಂದು ಪುಟ ಬರೆಯಬಹುದು. ಬರೆದರೆ ನಮ್ಮ ಮನೆಯಲ್ಲಿ ಓದುವವರಿದ್ದಾರೆ, ಆದ್ದರಿಂದ ಇಷ್ಟು ಸಾಕು.

ಬರಿಗಾಲಿನ ಮೂಲಕ ಇನ್ನೊಂದು ಜೀವಿಯೂ ಒಳಗೆ ಬರುತ್ತಿತ್ತು. ಕೈರೋದಲ್ಲಿದ್ದ ಜರ್ಮನ್ ವಿಜ್ಞಾನಿ ಆರ್ಥರ್ ಲೂಸ್, ಕೊಕ್ಕೆಹುಳುವಿನ ಮರಿಗಳಿದ್ದ ದ್ರವ ತಮ್ಮ ಕೈಮೇಲೆ ಚೆಲ್ಲಿ ತುರಿಕೆ ಎದ್ದದ್ದರಿಂದ, ಈ ಹುಳು ಚರ್ಮವನ್ನೇ ತೂರಿ ದೇಹ ಸೇರುತ್ತದೆ ಎಂಬುದನ್ನು 19ನೆಯ ಶತಮಾನದ ಕೊನೆಗೆ ಕಂಡುಕೊಂಡರು. ಅಲ್ಲಿಯವರೆಗೆ ಬಾಯಿಯಿಂದ ಮಾತ್ರ ಹೋಗುತ್ತದೆ ಎಂದೇ ನಂಬಿಕೆ. ಕಾಫಿ ತೋಟದ ಕೂಲಿಯವರು ರಕ್ತಹೀನರಾಗಿ ಬಿಳಿಚಿಕೊಳ್ಳುತ್ತಿದ್ದದ್ದಕ್ಕೆ ಅವರ ಅಂಗಾಲಿಗೂ ಸಂಬಂಧವಿತ್ತು ಎಂಬುದು ಹೀಗೆ ತಿಳಿಯಿತು. ಮೈಸೂರು ಸಂಸ್ಥಾನವೂ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಕೊಕ್ಕೆಹುಳು, ಮಲೇರಿಯಾಗಳ ಕೆಲಸಕ್ಕೆ ಕೈಹಾಕಿತು. ಅಂದು ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ರಾಮನಗರದಲ್ಲಿ 1930ರ ದಶಕದಲ್ಲಿ ಅದರದ್ದೊಂದು ಆರೋಗ್ಯ ಕೇಂದ್ರ ನಡೆಯಿತು. ಕಕ್ಕಸು ಕಟ್ಟಿ, ಚಪ್ಪಲಿ ಮೆಟ್ಟಿ ಎಂಬ ಎರಡು ಮಾತನ್ನು ಹೇಳಲು ಅಷ್ಟು ದೂರದಿಂದ ಜನ ಬರಬೇಕಾಯಿತು. ನಾನು ಶಾಲೆ ಕಲಿಯುತ್ತಿದ್ದ 1970ರ ದಶಕದಲ್ಲಿ ಹವಾಯಿ ಚಪ್ಪಲಿ ನಮ್ಮೂರಿಗೆ ಬಂದಿತ್ತು. ಆದರೂ ಚಪ್ಪಲಿ ಇದ್ದ ಮಕ್ಕಳು ಕೂಡ ಸವೆಯಬಾರದೆಂದು ಕೈಯಲ್ಲಿ ಹಿಡಿದು ಶಾಲೆಯ ಗೇಟಿನ ಬಳಿ ಮೆಟ್ಟಿಕೊಳ್ಳುತ್ತಿದ್ದರು.

ಉಗುರಿನ ಮಾತು ಬೇರೆಯೇ. ಕ್ಷೌರಿಕರ ಪೆಟ್ಟಿಗೆಯಲ್ಲಿ ಕತ್ತರಿ, ಬಾಚಣಿಗೆ, ಕನ್ನಡಿಗಳ ಜೊತೆ ಉಗುರು ತೆಗೆಯುವ ಪುಟ್ಟ ಉಳಿಯಂಥ ಕತ್ತಿ ಇರುತ್ತಿತ್ತು. ಗಂಡಸರ ಉಗುರನ್ನು ಜಗಲಿಯ ಕೆಳಗೆ ಕೂರಿಸಿ ಅವರೇ ತೆಗೆಯುತ್ತಿದ್ದರು. ಹೆಂಗಸರು ಮನೆಯಲ್ಲಿ ಬ್ಲೇಡಿನಲ್ಲೋ ಅಡಕೆ ಸುಲಿಯುವ ಸಣ್ಣ ಕತ್ತಿಯಲ್ಲೋ ಮುಗಿಸಿಕೊಳ್ಳುತ್ತಿದ್ದರು. ನೇಲ್ ಕಟರ್ ಎಂಬ ಸನ್ನೆಯ ಯಂತ್ರಕ್ಕೆ ಅಮೆರಿಕದಲ್ಲಿ 19ನೆಯ ಶತಮಾನದ ಕೊನೆಯ ಭಾಗದಲ್ಲೇ ಪೇಟೆಂಟು ಸಿಕ್ಕಿದ್ದರೂ ನಮ್ಮ ಮನೆಗೆ ಬಂದದ್ದು ನಾನು ಹೈಸ್ಕೂಲಿನಲ್ಲಿದ್ದಾಗ, ಜಾತ್ರೆಯ ಅಂಗಡಿಯಿಂದ. ಮಂಗಳವಾರ ಬೇಡ, ಶುಕ್ರವಾರ ಬೇಡ, ದೀಪ ಹಚ್ಚಿದ ಮೇಲೆ ಬೇಡ, ಉಗುರು ಮನೆಯೊಳಗೆ ಬಿದ್ದರೆ ಜಗಳ. ಹಿಂದೆ ದೀಪದ ಮಂಕು ಬೆಳಕಿನಲ್ಲಿ ಬೆರಳು ಕೊಯ್ದುಕೊಳ್ಳುತ್ತಾರೆಂದು ಹಾಗೆ ಹೇಳುತ್ತಿದ್ದರು ಎಂದು ಈಗಿನವರು ಕಾರಣ ಕೊಡುತ್ತಾರೆ. ರಾತ್ರಿಯ ಮಟ್ಟಿಗೆ ಒಪ್ಪೋಣ. ಶುಕ್ರವಾರ ಹಗಲಿಗೆ ಯಾವ ದೀಪ?

ಉಗುರನ್ನು ನೇರವಾಗಿ ಕತ್ತರಿಸಬೇಕು. ಕೈಯುಗುರಿನ ಹಾಗೆ ಅರ್ಧಚಂದ್ರಾಕಾರವಾಗಿ ಮೂಲೆಗಳನ್ನು ಆಳಕ್ಕೆ ಕೊರೆದರೆ ಬೆಳೆಯುವಾಗ ಅಂಚು ಮಾಂಸದೊಳಕ್ಕೆ ತೂರುತ್ತದೆ. ತೂರಿದ ಮೇಲೆ ನಿಂಬೆಹಣ್ಣಿನ ಟೋಪಿ ಹಾಕಿ ಕೂರುವುದಕ್ಕಿಂತ ವೈದ್ಯರ ಬಳಿ ಹೋಗುವುದು ಮೇಲು. ಕಾಲಿನ ಉಗುರು ಗಟ್ಟಿ; ಸ್ನಾನವಾದ ಕೂಡಲೇ ತೆಗೆದರೆ ಸುಲಭ. ಹಳದಿಯಾಗಿ ದಪ್ಪವಾಗಿ ಪುಡಿಪುಡಿ ಉದುರುವ ಉಗುರು ಬರಿಯ ವಯಸ್ಸಿನ ಗುರುತಾಗಿರಬೇಕಿಲ್ಲ, ಬಹಳ ಸಲ ಶಿಲೀಂಧ್ರದ ಸೋಂಕು. ಅಂಥ ಉಗುರಿಗೆ ಬಣ್ಣ ಹಚ್ಚಿ ಮುಚ್ಚುವುದು ಈಚೆಗೆ ಬಂದ ಉಪಾಯ.

ಶಾಲೆಗಳಲ್ಲಿ ಸೋಮವಾರದ ಪ್ರಾರ್ಥನೆಯ ನಂತರ ಉಗುರು ತಪಾಸಣೆ ಇರುತ್ತದಲ್ಲ, ಅದು ಕೈಗೆ ಮಾತ್ರ. ಸರ್ಕಾರಿ ಶಾಲೆಯ ಮಕ್ಕಳಿಗೆ ಶೂ, ಕಾಲುಚೀಲ ಕೊಡತೊಡಗಿದ ಮೇಲೆ ನಾನು ಮಳೆಗಾಲದಲ್ಲಿ ಶೂ ಬಿಚ್ಚಿಸಿ ನೋಡುವುದನ್ನು ರೂಢಿ ಮಾಡಿಕೊಂಡೆ. ಎರಡು ಮೈಲಿ ನೀರಿನಲ್ಲಿ ನಡೆದು ಬಂದು, ಸಂಜೆಯವರೆಗೆ ಒದ್ದೆ ಕಾಲುಚೀಲದಲ್ಲೇ ಕೂತ ಮಗುವಿನ ಬೆರಳ ಸಂದಿ ನಾಟಿ ಹೆಂಗಸಿನ ಕಾಲಿನಂತೆಯೇ ಬೆಳ್ಳಗೆ ಬೆಂದಿರುತ್ತದೆ. ಗದ್ದೆ ಬಿಟ್ಟ ಕೆಸರುಹುಣ್ಣು ಶೂ ಹೊಕ್ಕಿತು ಎಂದು ನಾನು ಶಿಕ್ಷಕರ ಕೊಠಡಿಯಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ಮಳೆಗಾಲಕ್ಕೆ ನಮ್ಮ ಕಡೆ ಸ್ಯಾಂಡಲ್ಸೇ ಸರಿ, ಅಥವಾ ಚೀಲದಲ್ಲಿ ಒಂದು ಜೊತೆ ಒಣ ಕಾಲುಚೀಲ ಇರಬೇಕು.

ಇಷ್ಟೆಲ್ಲ ನೋವಿನ ಕಾಲಿನ ಕಥೆ. ನೋವಿಲ್ಲದ ಕಾಲಿನ ಕಥೆ ಇನ್ನೂ ಕಷ್ಟದ್ದು. 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಬೆರಳುಗಳು ರೋಗದಿಂದಲೇ ಕೊಳೆತು ಉದುರುತ್ತವೆ ಎಂಬುದು ಅಂದಿನ ನಂಬಿಕೆ. ರೋಗ ನರಗಳನ್ನು ಕೊಂದು ನೋವು ಗೊತ್ತಾಗದಂತೆ ಮಾಡುತ್ತದೆ. ನೋವಿಲ್ಲದ್ದರಿಂದ ರೋಗಿ ಕಲ್ಲು ಒತ್ತಿದರೂ, ಮೊಳೆ ಚುಚ್ಚಿದರೂ ಅದೇ ಕಾಲಿನ ಮೇಲೆ ನಡೆಯುತ್ತಾನೆ, ಹುಣ್ಣಾಗುವುದು ಅದರಿಂದ ಎಂದು ಅವರು ತೋರಿಸಿಕೊಟ್ಟರು. ಮೆತ್ತನೆಯ ರಬ್ಬರಿನ ಎಂ.ಸಿ.ಆರ್. ಚಪ್ಪಲಿ, ಹುಣ್ಣಿರುವ ಕಾಲಿಗೆ ಪ್ಲಾಸ್ಟರು ಹಾಕಿ ವಿಶ್ರಾಂತಿ, ದಿನವೂ ಕಾಲನ್ನು ನೋಡಿಕೊಳ್ಳುವ ಅಭ್ಯಾಸ, ಇವೆಲ್ಲ ವೆಲ್ಲೂರು ಮತ್ತು ಕರಿಗಿರಿಯ ಆಸ್ಪತ್ರೆಗಳಲ್ಲಿ ಬೆಳೆದವು. 1960ರ ದಶಕದಲ್ಲಿ ಅವರು ಅಮೆರಿಕದ ಕಾರ್ವಿಲ್‌ಗೆ ಹೋದ ಮೇಲೆ ಅದೇ ವಿಧಾನ ಸಕ್ಕರೆ ಕಾಯಿಲೆಯವರ ಕಾಲಿಗೂ ಬಂತು. ಕುಷ್ಠಕ್ಕೆ 1982ರಿಂದ ಬಹುಔಷಧ ಚಿಕಿತ್ಸೆ ಸಿಕ್ಕಿ ಅದು ಇಳಿಯಿತು. ಸಕ್ಕರೆ ಕಾಯಿಲೆ ಏರಿತು. ಊರಾಚೆ ಇಡುತ್ತಿದ್ದವರ ಕಾಲಿಗಾಗಿ ಕಂಡುಹಿಡಿದ ಉಪಚಾರ ಈಗ ಊರೊಳಗಿನ ನಮ್ಮೆಲ್ಲರ ಮನೆಗೆ ಬೇಕಾಗಿದೆ.

ನಮ್ಮ ಸೋದರತ್ತೆಗೆ ಸಕ್ಕರೆ ಕಾಯಿಲೆ ಇಪ್ಪತ್ತು ವರ್ಷದ್ದು. ಒಂದು ಬೇಸಗೆಯಲ್ಲಿ ಅವರ ಎಡಗಾಲು ಊದಿಕೊಂಡಿತು. ಎರಡನೆಯ ಬೆರಳಿನ ಕಾಲುಂಗುರ ಮಾಂಸದಲ್ಲಿ ಹೂತಿತ್ತು. ಉಂಗುರದ ಕೆಳಗೆ ಯಾವಾಗಲೂ ತೇವ ನಿಲ್ಲುತ್ತದೆ, ಅಲ್ಲಿ ಹುಣ್ಣಾಗಿತ್ತು, ಅವರಿಗೆ ನೋವೇ ಇರಲಿಲ್ಲ. ಉಂಗುರ ತೆಗೆಸಿ ಅತ್ತೆ ಎಂದು ನಾನು ಹೇಳಿದರೆ, “ನಿಮ್ಮ ಮಾವ ಇನ್ನೂ ಗಟ್ಟಿಯಾಗಿದ್ದಾರೆ ಕಣೇ, ಯಾಕೆ ಕೆಟ್ಟ ಮಾತು?” ಎಂದರು. ಮಾವನೇ ಬಂದು ಬೇಡಿಕೊಂಡರೂ ಒಪ್ಪಲಿಲ್ಲ. ಹನ್ನೆರಡು ದಿನ ಕಳೆದು ಬೆರಳು ಕಪ್ಪಾದ ಮೇಲೆ ಆಸ್ಪತ್ರೆಯಲ್ಲಿ ಉಂಗುರವನ್ನು ಕತ್ತರಿಸಿದರು, ಮರುದಿನ ಬೆರಳನ್ನೂ. ಮನೆಗೆ ಬಂದ ಅತ್ತೆ ಮೊದಲು ಕೇಳಿದ್ದು, ಮೂರನೆಯ ಬೆರಳಿಗೆ ಉಂಗುರ ಹಾಕಬಹುದೇ ಎಂದು. ಶಾಸ್ತ್ರ ತಿಳಿದವರೊಬ್ಬರು, ಕಾಲುಂಗುರವನ್ನು ದೇವರ ಮುಂದಿಟ್ಟು ಪೂಜಿಸಿದರೂ ಸಾಕು ಎಂದು ಹೇಳಿ ಆ ಪ್ರಶ್ನೆಯನ್ನು ಮುಗಿಸಿದರು. ನನಗೆ ಶಾಸ್ತ್ರ ಗೊತ್ತಿಲ್ಲ, ಅವರ ಬಗ್ಗೆ ಗೌರವ ಬಂತು.

ಈಗ ಅತ್ತೆಯ ಕಾಲನ್ನು ಸೊಸೆ ನೋಡಿಕೊಳ್ಳುತ್ತಾಳೆ. ರಾತ್ರಿ ಊಟವಾದ ಮೇಲೆ ಬಾಗಿಲ ಬೆಳಕಿನ ಕೆಳಗೆ ಕುರ್ಚಿ. ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆಯುವುದು. ನೀರಿನ ಬಿಸಿಯನ್ನು ಅತ್ತೆಯ ಕಾಲಿಗೆ ಬಿಡುವುದಿಲ್ಲ, ಸೊಸೆ ತನ್ನ ಮೊಣಕೈ ಅದ್ದಿ ನೋಡುತ್ತಾಳೆ. ನೆನೆಸಿಡುವುದಿಲ್ಲ. ಹಳೆಯ ಪಂಚೆಯ ತುಂಡಿನಿಂದ ಬೆರಳ ಸಂದಿ ಒಂದೊಂದನ್ನೂ ಒತ್ತಿ ಒರೆಸುತ್ತಾಳೆ. ಹಿಮ್ಮಡಿಗೂ ಅಂಗಾಲಿಗೂ ಕೊಬ್ಬರಿ ಎಣ್ಣೆ, ಬೆರಳ ಸಂದಿಗೆ ಮಾತ್ರ ಇಲ್ಲ. ಆಣಿಗೆ ಬ್ಲೇಡಿಲ್ಲ, ಅಂಗಡಿಯ ಆಣಿಪಟ್ಟಿಯೂ ಇಲ್ಲ. ಅದರ ಆಮ್ಲ ಒಳ್ಳೆಯ ಚರ್ಮವನ್ನೂ ತಿನ್ನುತ್ತದೆ. ಅಂಗಾಲು ನೋಡಲು ಮಾವನ ಕ್ಷೌರದ ಕನ್ನಡಿ ಇದೆ. ಮನೆಯೊಳಗೂ ಎಂ.ಸಿ.ಆರ್. ಚಪ್ಪಲಿ, ಮೆಟ್ಟುವ ಮೊದಲು ಒಳಗೆ ಕೈಯಾಡಿಸಿ ಕಲ್ಲಿದೆಯೇ ನೋಡುವುದು. ಚಪ್ಪಲಿ ಹಾಕಿ ಅಡುಗೆಮನೆಗೆ ಹೋಗುವುದಕ್ಕೆ ಅತ್ತೆ ಒಂದು ತಿಂಗಳು ಒಪ್ಪಿರಲಿಲ್ಲ. ಒಳಗಿನದಕ್ಕೆ ಬೇರೆ ಜೊತೆ ತಂದ ಮೇಲೆ ಒಪ್ಪಿದರು. ದೇವರ ಮನೆಯ ಹೊಸ್ತಿಲಲ್ಲಿ ಈಗಲೂ ಬಿಟ್ಟೇ ಹೋಗುತ್ತಾರೆ. ಸೊಸೆ ಅಲ್ಲೊಂದು ಮೆತ್ತನೆಯ ಜಮಖಾನೆ ಹಾಸಿದ್ದಾಳೆ. ಬೇಸಗೆಯ ಮಧ್ಯಾಹ್ನ ದೇವಸ್ಥಾನದ ಕಾದ ಕಲ್ಲಿನ ಮೇಲೆ ಪ್ರದಕ್ಷಿಣೆ ಬರುವುದನ್ನು ಮಾತ್ರ ಪೂರ್ತಿ ನಿಲ್ಲಿಸಿ, ಬೆಳಗ್ಗೆ ಆರಕ್ಕೆ ಕರೆದುಕೊಂಡು ಹೋಗುತ್ತಾಳೆ.